ಹೊಳೆಯ ನೀರು ಕುಡಿದ ಗಾಲಿ

ನಮ್ಮ ಜುಗೂಳದಲ್ಲಿ ಖಂಡೇನವಮಿ ಬಂತೆಂದರೆ ಲಾರಿಗಳನ್ನು ಕೃಷ್ಣಾ ಹೊಳೆಗೆ ಇಳಿಸಿ ತೊಳೆಯುವುದು ರೂಢಿ. ನಮ್ಮ ಓಣಿಯಲ್ಲಿ ಲಾರಿ ಇದ್ದವು ಎರಡೇ. ಒಂದು ನಮ್ಮದು, ಇನ್ನೊಂದು ಎದುರುಮನೆ ಸಾವಿತ್ರೆವ್ವನ ಗಂಡ ಕಾಮಣ್ಣನದು. ನಾನು ಕೆಂಪವ್ವ. ಸುಳ್ಳು ಯಾಕೆ ಹೇಳಲಿ, ಅವರ ಲಾರಿ ಮಿಂಚುವುದನ್ನು ಕಂಡರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಎಂಬತ್ತೊಂಬತ್ತರ ಹಬ್ಬದಲ್ಲಿ ನಾನೇ ದಂಡೆಯ ಮೇಲೆ ನಿಂತು ಕೂಗಿದೆ.

"ಇನ್ನೂ ಮುಂದ ಇಳಸ್ರಿ! ಅವರದಕ್ಕಿಂತ ನಮ್ಮದು ಮಿಂಚಬೇಕು!"

ನಮ್ಮವರು ಗಾಲಿ ಅರ್ಧ ಮುಳುಗುವ ತನಕ ಇಳಿಸಿದರು. ಮಧ್ಯಾಹ್ನದವರೆಗೂ ತಿಕ್ಕಿದೆವು.

ಹಬ್ಬದ ಮರುದಿನ ಕಾಮಣ್ಣ ತನ್ನ ಲಾರಿಗೆ ಜಾಕ್ ಕೊಟ್ಟು, ಮುಂದಿನ ಎರಡೂ ಗಾಲಿ ಬಿಚ್ಚಿ ಕೂತ. ಅವನಿಗೆ ಬಂದಿದ್ದ ನಿಪ್ಪಾಣಿ ಬಾಡಿಗೆ ನಮಗೆ ಸಿಕ್ಕಿತು. ನನಗೆ ಹಾಲು ಕುಡಿದಷ್ಟು ಸಂತೋಷ.

ಅಷ್ಟರಲ್ಲಿ ಅವನೇ ನಮ್ಮ ಬಾಗಿಲಿಗೆ ಬಂದು ನಮ್ಮವರಿಗೆ ಹೇಳಿದ. "ಮಲಕಾರಿ, ನಿನ್ನ ಲಾರಿ ಭಾಳ ಹೊತ್ತ ನೀರಾಗ ನಿಂತಿತ್ತು. ಗಾಲಿ ನಡುವಿನ ಹಬ್‌ನ್ಯಾಗ ನೀರ ಹೊಕ್ಕಿರ್ತೈತಿ. ಬೇರಿಂಗ್ ಬಿಚ್ಚಿ ನೋಡೋ."

ಅವನು ಅತ್ತ ಹೋದದ್ದೇ ತಡ, ನಾನು ನಮ್ಮವರಿಗೆ ಹೇಳಿದೆ: "ನಮಗ ಬಾಡಿಗಿ ಸಿಕ್ಕಿದ್ದು ಅವರಿಗೆ ಸೈರಿಸವಲ್ದು. ನೀವು ಸುಮ್ಮನ ಹೋಗ್ರಿ."

ನಮ್ಮವರು ಹೋದರು.

ಸಂಕ್ರಾಂತಿ ಕಳೆದ ಮೇಲೆ ನಿಪ್ಪಾಣಿಗೆ ತಂಬಾಕಿನ ಹೇರು ಇತ್ತು. ಚಿಕ್ಕೋಡಿಯ ತಂಗಿಯನ್ನು ನೋಡೋಣವೆಂದು ನಾನೂ ಹತ್ತಿದೆ. ಚಿಕ್ಕೋಡಿ ಇನ್ನೂ ಮುಂದಿತ್ತು. ಎಡಗಡೆಯ ಮುಂದಿನ ಗಾಲಿ ಗರಗರ ಅನ್ನತೊಡಗಿತು. ಸ್ಟೇರಿಂಗ್ ಎಡಕ್ಕೆ ಎಳೆಯಿತು. ಸುಟ್ಟ ವಾಸನೆ ಬಂತು. ನಮ್ಮವರು ಗಾಬರಿಯಾಗಿ ನಿಲ್ಲಿಸಿದರು.

"ಸಾವಿತ್ರೆವ್ವನ ಕಣ್ಣು ಬಿದ್ದೈತ್ರಿ!" ಎಂದು ನಾನು ಬುತ್ತಿಯ ಗಂಟಿನ ಉಪ್ಪು ತೆಗೆದು ಗಾಲಿಗೆ ನಿವಾಳಿಸುತ್ತಿದ್ದೆ. ಹಿಂದಿನಿಂದ ಕಾಮಣ್ಣನ ಲಾರಿಯೇ ಬಂದು ನಿಂತಿತು.

ಅವನು ಹಬ್‌ನ ಹತ್ತಿರ ಕೈ ತಂದು, ಮುಟ್ಟದೆಯೇ ಹಿಂದೆ ತೆಗೆದ. "ಕೆಂಡ ಆಗೇತಿ. ನೀರ ಹಾಕಬ್ಯಾಡ್ರಿ, ತಾನ ಆರ್ಲಿ."

ಆರಿದ ಮೇಲೆ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಅಚ್ಚಿನ ಅಡಿಗೆ ದಪ್ಪ ಕಟ್ಟಿಗೆ ಇಟ್ಟು ಗಾಲಿ ಅಲುಗಿಸಿದ. ಲಟಲಟ ಅಂದಿತು. ಬಿಚ್ಚಿದರೆ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಬೇರಿಂಗಿನ ರೋಲರುಗಳಿಗೆ ತುಕ್ಕು ಹಿಡಿದಿತ್ತು, ಕೆಲವು ಸುಟ್ಟು ಕಪ್ಪಾಗಿದ್ದವು.

"ವೈನಿ, ಇನ್ನ ಎರಡ ಮೈಲಿ ಹೋಗಿದ್ರ ಗಾಲಿ ನಿಮಗಿಂತ ಮೊದಲ ಚಿಕ್ಕೋಡಿ ಮುಟ್ತಿತ್ತು."

ಮುಂದೆ ಇಳಿಜಾರು, ದಾರಿ ತುಂಬ ಸಂತೆಯ ಮಂದಿ.

ಅವನೇ ಚಿಕ್ಕೋಡಿಗೆ ಹೋಗಿ ಹೊಸ ಬೇರಿಂಗ್, ಒಳಗೆ ನೀರು ಹೋಗದಂತೆ ತಡೆಯುವ ಹೊಸ ಆಯಿಲ್ ಸೀಲ್ ತಂದ. ಹಬ್ ಅನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದವಳು ನಾನೇ. ಎಣಗಾಯಿಗೆ ಮಸಾಲೆ ತುಂಬುವ ಹಾಗೆ ರೋಲರುಗಳ ಸಂದಿಗೆ ಹೊಸ ಗ್ರೀಸ್ ಒತ್ತಿದೆ. ನಮ್ಮವರು ನಟ್ಟನ್ನು ಜೋರಾಗಿ ಬಿಗಿಯತೊಡಗಿದರು.

"ಏ, ಅಷ್ಟ ಬಿಗಿ ಮಾಡಬ್ಯಾಡೋ! ಗಾಲಿ ತಿರಗಿಸ್ಕೋತ ಬಿಗಿ ಮಾಡಿ, ಆಮ್ಯಾಲ ಸ್ವಲ್ಪ ಸಡಲ ಬಿಟ್ಟು ಲಾಕ್ ಹಾಕು. ಬಿಗಿ ಆದ್ರ ಸುಡ್ತೈತಿ, ಭಾಳ ಸಡಲ ಆದ್ರ ಅಲಗಾಡ್ತೈತಿ."

ನಾನು ಮೆಲ್ಲಗೆ ಕೇಳಿದೆ. "ಕಾಮಣ್ಣಾ, ಅವತ್ತ ನಿನ್ನ ಬಾಡಿಗಿ ನಮಗ ಬಂತಲ್ಲ, ಸಾವಿತ್ರೆವ್ವ ಏನಂದ್ಲು?"

"ಏನಂತಾಳ ವೈನಿ! ನಿಮ್ಮ ಲಾರಿ ಮಿಂಚೂದು ನೋಡಿ ಮೊದಲ ಆಕಿ ಹೊಟ್ಟಿ ಉರದಿತ್ತು. 'ಬಿಚ್ಚಬ್ಯಾಡ, ಬಾಡಿಗಿ ಹೋಗ್ತೈತಿ' ಅಂತ ಎರಡ ದಿನ ಮಾತು ಬಿಟ್ಳು. ನಾ ಕೇಳ್ಲಿಲ್ಲ."

ಅಯ್ಯೋ ಶಿವನೇ! ಅವಳಿಗೂ ನನ್ನಷ್ಟೇ ಉರಿ. ಅವಳ ಗಂಡ ಅವಳ ಮಾತು ಕೇಳಲಿಲ್ಲ, ನನ್ನ ಗಂಡ ನನ್ನ ಮಾತು ಕೇಳಿದರು. ಅಷ್ಟಕ್ಕೇ ನನ್ನ ಕುಂಕುಮ ಅಳಿಸಿ ಹೋಗುವುದಿತ್ತು.

ಮರುದಿನ ಊರಿಗೆ ಬಂದು ನಮ್ಮವರು ಬಲಗಡೆಯ ಹಬ್ ಅನ್ನೂ ಬಿಚ್ಚಿದರು. ದೀಪ ಹಿಡಿದು ನಿಂತವಳು ಸಾವಿತ್ರೆವ್ವ.

ಲಾರಿ ಇಟ್ಟುಕೊಂಡ ಅಣ್ಣಂದಿರೇ, ಅವರ ಮನೆಯ ಅಕ್ಕತಂಗಿಯರೇ, ಗಾಡಿ ಹೊಳೆಯಲ್ಲಿ ಮುಳುಗಿದರೆ ಹಬ್ ಬಿಚ್ಚಿಸಿ. ಬಿಳುಪಾದ ಗ್ರೀಸ್ ಒರೆಸಿ ಎಸೆಯಿರಿ, ಹಳೆಯದರ ಮೇಲೆ ಹೊಸದನ್ನು ಮೆತ್ತಬೇಡಿ. ಹಳೆಯ ಸೀಲ್ ಮತ್ತೆ ಹಾಕಬೇಡಿ. ಗಾಲಿ ಸದ್ದು ಮಾಡಿದರೆ, ಸುಟ್ಟ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ. ಸಾವಿತ್ರೆವ್ವ ಹೊಸ ಸೀರೆ ಉಟ್ಟರೆ ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ, ಉರಿಯಲಿ ಬಿಡಿ. ಆ ಉರಿಯ ಮಾತು ಕೇಳಿ ಮಾತ್ರ ಗಾಲಿ ಬಿಚ್ಚದೆ ಕಳಿಸಬೇಡಿ. ಆ ಲಾರಿಯಲ್ಲಿ ಕೂತು ಹೋಗುವವರು ನಿಮ್ಮ ಮನೆಯವರೇ.