ಪೆಟ್ಟಿಗೆಗೆ ಬೆನ್ನು

ಟೀವಿ ಪೆಟ್ಟಿಗೆಯ ಗಾಜಿನ ತುಂಬ ಬಿಳಿ ಚುಕ್ಕೆಗಳು, ಚಿತ್ರ ಇನ್ನೂ ಬಂದಿಲ್ಲ, ಸುಗ್ಗಿಯಲ್ಲಿ ಜೋಳ ತೂರುವಾಗಿನ ಹಾಗೆ ಸರ್ರನೆ ಒಂದೇ ಸಮನೆ ಸದ್ದು — ಬರಲಿ, ಬೇಗ ಬರಲಿ, ಇವತ್ತೊಂದು ದಿನ ಕೈ ಕೊಡಬ್ಯಾಡೋ ಯಪ್ಪಾ. ಬಾಗಿಲಲ್ಲಿ ಲಾಡಲೇಸಾಬರು ನಿಂತಿದ್ದಾರೆ, ಚಪ್ಪಲಿ ಹೊರಗೆ ಬಿಟ್ಟು, ಒಂದು ಕಾಲು ಹೊಸ್ತಿಲ ಒಳಗೆ ಇನ್ನೊಂದು ಹೊರಗೆ, ಮೈಯಿಂದ ನವಸಾಗರದ ಘಾಟು, ಬೆಳಿಗ್ಗೆ ಎದ್ದವರೇ ಯಾರದೋ ತಾಮ್ರದ ಹಂಡೆಗೆ ಕಲಾಯಿ ಹಾಕಿ ಬಂದಿರಬೇಕು. ನಮ್ಮ ಹಸೀನಾಳ ಮುತ್ಯಾ, ಅಜ್ಜ. ನಾಳೆ ಹುಡುಗಿಯನ್ನು ಟಿಕೋಟಾ ಬಸ್ಸಿಗೆ ಹತ್ತಿಸುತ್ತಾರಂತೆ. ಟಿಕೋಟಾದಾಗ ನನ್ನ ಮಗಳು ಮಾಬುಬಿ ಹಡದಾಳರಿ ಅಕ್ಕೋರ, ಕೂಸು ಆಡಸಾಕ ಒಬ್ಬಾಕಿ ಬೇಕು, ಆರನೇ ಇಯತ್ತೆ ಆತು, ಸಾಲಿ ಇನ್ನ ಸಾಕು — ನಿನ್ನೆ ಅಂಗಳದಲ್ಲಿ ನಿಂತು ಹೇಳಿದರು, ನನ್ನ ಮುಖ ನೋಡದೆ, ಇಕ್ಕಳ ಒರೆಸುತ್ತ. ಕೂಸು ನೆಪ ಅಂತ ನನಗೆ ಗೊತ್ತಿಲ್ಲವೇ, ಇಷ್ಟು ವರ್ಷ ಹುಡುಗಿಯರನ್ನು ಶಾಲೆ ಬಿಡಿಸುವ ನೆಪಗಳನ್ನೇ ಕೇಳುತ್ತ ಬಂದವಳು ನಾನು, ಕೂಸಿನ ನೆಪ, ಎಮ್ಮೆಯ ನೆಪ, ದೊಡ್ಡಾಕಿ ಆದಳು ಎಂಬ ನೆಪ. ಇದು ಹೊಸದು. ಇದು ಈ ಪೆಟ್ಟಿಗೆಯ ನೆಪ. ಹಸೀನಾ ಟಿಕೋಟಾಕ್ಕೆ ಹೋಗಬಾರದು. ಹೋದವಳು ಮರಳುವುದಿಲ್ಲ, ಒಂದು ಕೂಸು ಆಡಿಸಿ ಮುಗಿಯುವಷ್ಟರಲ್ಲಿ ಇನ್ನೊಂದು, ಆಮೇಲೆ ತನ್ನದೇ.

ಪೆಟ್ಟಿಗೆ ನಮ್ಮ ಅರಕೇರಿ ಶಾಲೆಗೆ ಬಂದ ದಿನ ಊರೆಲ್ಲ ಜಮಾ ಆಗಿತ್ತು, ಮಾಳಿಗೆಯ ಮೇಲೆ ಕೋಳಿ ಗೂಡಿನ ತಂತಿಜಾಳಿಗೆಯ ದೊಡ್ಡ ಕೊಡೆ ತಿರುವಿಟ್ಟರು, ಆಕಾಶದಲ್ಲಿ ಒಂದು ಯಂತ್ರ ಸುತ್ತುತ್ತದಂತೆ, ಅದರಿಂದ ಪಾಠ ಬೀಳುತ್ತದಂತೆ. ಮಳಿ ಬಿದ್ದಿದ್ರ ಛಲೋ ಇತ್ತರಿ, ಅಂದ ಗುಂಪಿನಲ್ಲಿದ್ದ ಮರೆಪ್ಪ, ಎಲ್ಲರೂ ನಕ್ಕರು. ಆಮೇಲೆ ಚಿತ್ರ ಬಂತು, ಟೈ ಕಟ್ಟಿದ ಗಂಡಸು, ನಮಸ್ಕಾರ ಮಕ್ಕಳೇ ಅಂದ, ಅಂದದ್ದೇ ತಡ — ಒಂದೇ ದಾರ ಎಳೆದ ಹಾಗೆ ಹುಡುಗಿಯರ ಸಾಲಿಗೆ ಸಾಲೇ ಗೋಡೆಯ ಕಡೆ ತಿರುಗಿತು, ಮುಖ ಹೋಯಿತು, ಜಡೆಗಳು ಉಳಿದವು. ನೀರು ತುಂಬುವ ಪರಸವ್ವ ಕೊಡ ಇಳಿಸಿ ಸೆರಗು ಎಳೆದುಕೊಂಡಳು, ಯಾರ್ರೀ ಅಕ್ಕೋರ ಈ ಮನಿಷ್ಯಾ, ಕಣ್ಣ ಪಿಳುಕಸಲಾರದ ನೋಡಾಕತ್ತಾನ, ನಾಚಿಕಿ ಬ್ಯಾಡೇನ. ಹೆಡ್‌ಮಾಸ್ತರ ತುಕಾರಾಮರು ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಪರಗಂಡಸು ನೆಟ್ಟಗೆ ಮುಖ ನೋಡಿದರೆ ತಿರುಗಬೇಕು ಅಂತ ಈ ಮಕ್ಕಳಿಗೆ ಯಾರು ಪಾಠ ಮಾಡಿದ್ದರು, ಯಾವ ಪುಸ್ತಕದಲ್ಲಿತ್ತು, ಅವ್ವನ ಸೆರಗು ನೋಡಿ ಕಲಿತದ್ದು, ಕಲಿತದ್ದು ಅಂತಲೂ ಗೊತ್ತಾಗದ ಹಾಗೆ ಕಲಿತದ್ದು. ವಿಜಾಪುರದಲ್ಲಿ ನನ್ನನ್ನು ಶಿಕ್ಷಕರ ಟ್ರೇನಿಂಗಿಗೆ ಕೂಡಿಸಿದಾಗ ನನಗೆ ಆಗಲೇ ತಲೆಯಲ್ಲಿ ನಾಲ್ಕು ಬಿಳಿ ಕೂದಲು, ಮಗ್ಗುಲಲ್ಲಿ ಕೂತ ಹುಡುಗಿಯರು ಅತ್ತೀ ಅಂತ ಕರೆಯುತ್ತಿದ್ದರು. ಅಲ್ಲಿಯ ಸರ್ ಹೇಳಿ ಬರೆಸಿದರು, ಗಂಟೆ ಬಾರಿಸಿದರೆ ನಾಯಿ ಜೊಲ್ಲು ಸುರಿಸಿತು, ಇದು ಕಲಿಕೆ. ಬೋನಿನಲ್ಲಿ ಹಾಕಿದ ಬೆಕ್ಕು ಚಿಲಕ ತೆಗೆಯಿತು, ಇದೂ ಕಲಿಕೆ. ಮಗು ಯಾವಾಗ ಬರ್ತೈತಿರಿ ಸರ್, ಅಂತ ಕೇಳಿಬಿಟ್ಟೆ. ಬರ್ತೈತಿ ಸೋನಾಬಾಯಿ, ಮುಂದಿನ ವರ್ಗದಾಗ. ಮುಂದಿನ ವರ್ಗದಲ್ಲಿ ಇಲಿ ಬಂತು. ಆದರೂ ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ, ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆಗೆ. ಅದು ನನ್ನ ಅವ್ವನಿಗೂ ಗೊತ್ತಿತ್ತು, ಇಬ್ರಾಹಿಂಪುರದ ನಮ್ಮ ಮನೆಯಲ್ಲಿ, ರೈಲು ಹೋದಾಗೊಮ್ಮೆ ಗೋಡೆ ನಡುಗುತ್ತಿತ್ತು, ಅವ್ವ ಕೌದಿ ಹೊಲಿಯುತ್ತ ನನ್ನದೇ ಹಳೆಯ ಲಂಗದ ತುಂಡು ನನ್ನ ಕೈಗೆ ಕೊಟ್ಟಳು, ಇದು ನಿಂದು, ಇದರಿಂದ ಸುರು ಮಾಡು. ಮುಂದೆ ಹೇಳಿಕೊಡಲಿಲ್ಲ. ಆಚೆ ಕಡೆ ಕೂತವಳ ಜೊತೆ ಹರಟೆಗೆ ಬಿದ್ದಳು. ನಾನು ದಾರ ಬಿಗಿಯಾಗಿ ಎಳೆದಾಗ ಮಾತ್ರ ತಿರುಗದೆ, ಸಡ್ಲ ಬಿಡ ಬೇ, ಅರಿವಿ ಮುದುಡತೈತಿ, ಅನ್ನುತ್ತಿದ್ದಳು. ಕಣ್ಣು ಅಲ್ಲಿ, ಕಿವಿ ನನ್ನ ಸೂಜಿಯ ಮೇಲೆ. ಈ ಪೆಟ್ಟಿಗೆಯವನಿಗೆ ಆ ಕಿವಿಯೊಂದು ಇಲ್ಲ. ನಮ್ಮ ದಾರ ಹರಿದರೂ ಅವನ ಪಾಠ ಹೊಲಿಯುತ್ತಲೇ ಹೋಗುತ್ತದೆ.

ಸಣ್ಣವರು ಸಿಂಹ ತೋರಿಸಿದ ದಿನವೇ ಈ ಕಡೆ ತಿರುಗಿದರು, ಸಿಂಹ ಗಂಡಾದರೂ ಪರಗಂಡಸಲ್ಲವಲ್ಲ. ಹಸೀನಾ ತಿರುಗಲಿಲ್ಲ. ಕಂಬದ ಹತ್ತಿರ, ಬರೆಯುವ ಪಾಟಿ ಎದೆಗೆ ಹಿಡಿದು, ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತದ್ದು ಕೂತದ್ದೇ. ತಿರುಗು ಅಂತ ನಾನು ಅನ್ನಲಿಲ್ಲ, ಬೆನ್ನು ಕಲಿಯುವುದಿಲ್ಲ ಅಂತ ಯಾರು ಹೇಳಿದರು. ಆದರೆ ಮನೆಯಲ್ಲಿ ಅಜ್ಜಿ ರಹಿಮಾಬಿ ಕೇಳಿದ್ದಾಳೆ, ಏನ ಕಲತಿ ಬೇ ಇವತ್ತ, ಹುಡುಗಿ ಸುಳ್ಳು ಗೊತ್ತಿಲ್ಲದವಳು, ಒಬ್ಬ ಗಂಡಸು ದಿನಾ ಬರ್ತಾನ, ನಮ್ಮನ್ನ ನೋಡ್ತಾನ, ಅಂದಿದ್ದಾಳೆ. ಮುಗಿಯಿತು. ನಿನ್ನೆ ಅಂಗಳದಲ್ಲಿ ನಾನೇ ಅಂದೆ, ಲಾಡಲೇಸಾಬ್ರ, ನೀವ ಬರ್ರಿ, ಕಣ್ಣಾರೆ ನೋಡ್ರಿ, ಅವಂಗ ನಾವು ಕಾಣತೀವೋ ಇಲ್ಲೋ ನೀವ ಪರೀಕ್ಷಾ ಮಾಡ್ರಿ, ಕಂಡ್ರ ಸಾಲಿ ಬಿಡಸ್ರಿ, ನಾನ ಹಸೀನಾನ ಪಾಟಿ ನಿಮ್ಮ ಮನಿಗೆ ಮುಟ್ಟಸತೀನಿ. ಬಂದಿದ್ದಾರೆ. ಬಂತು — ಚಿತ್ರ ಬಂತು, ಮೊದಲು ಎರಡು ತಲೆ, ಆಮೇಲೆ ಕೂಡಿ ಒಂದು, ಅದೇ ಟೈ, ನಮಸ್ಕಾರ ಮಕ್ಕಳೇ. ಲಾಡಲೇಸಾಬರು ಟೋಪಿ ಸರಿಮಾಡಿಕೊಂಡರು, ಎರಡೂ ಕಾಲು ಒಳಗೆ ಇಟ್ಟರು, ಕೈ ಹಣೆಗೆ ಹೋಯಿತು, ಸಲಾಂ ಅಲೈಕುಂ. ಯಾವ ಪರೀಕ್ಷೆಯನ್ನೂ ನಾನು ಹೇಳಿಕೊಟ್ಟಿರಲಿಲ್ಲ, ಬೈದು ನೋಡುತ್ತಾರೆ ಅಂದುಕೊಂಡಿದ್ದೆ, ಇವರು ಮರ್ಯಾದೆಯ ಮನುಷ್ಯ, ಮೊದಲು ಸಲಾಮು. ಪೆಟ್ಟಿಗೆಯವನು ಒಂದು ಕಬ್ಬಿಣದ ಸರಳು ಎತ್ತಿ ತೋರಿಸಿದ. ಮತ್ತೊಮ್ಮೆ, ದನಿ ಏರಿಸಿ, ಸಲಾಂ ಅಲೈಕುಂ ಸಾಹೇಬ್ರ. ಅವನು ಸರಳಿಗೆ ಮೇಣ ಹಚ್ಚಿ ಸಣ್ಣ ಮೊಳೆಗಳನ್ನು ಸಾಲಾಗಿ ಅಂಟಿಸಿದ, ಮಾಡುವುದನ್ನೆಲ್ಲ ಬಾಯಿಂದ ಹೇಳುತ್ತ. ಮಕ್ಕಳು ಕಿಸಕ್ಕೆಂದರು. ನನ್ನ ಎದೆಯಲ್ಲಿ ಹಲಗೆ ಬಾರಿಸಿದ ಹಾಗೆ ಖುಷಿ, ನೋಡಿದ್ರಿಲ್ಲೋ ಲಾಡಲೇಸಾಬ್ರ, ಅವಂಗ ಕಣ್ಣೂ ಇಲ್ಲ ಕಿವೀನೂ ಇಲ್ಲ, ನಮ್ಮ ಹುಡುಗೀನ ಅವ ಹೆಂಗ ನೋಡ್ಯಾನು.

ಅವರು ನನ್ನನ್ನು ನೋಡಿದರು, ಕಿಲುಬು ಹಿಡಿದ ಪಾತ್ರೆ ತಿರುವಿ ನೋಡುವ ಹಾಗೆ. ಸಲಾಮಿಗೆ ಜವಾಬ ಕೊಡಲಾರದವಾ ಎಂಥಾ ಮಾಸ್ತರರಿ ಅಕ್ಕೋರ. ನೋಡ್ತಾನ ಅಂದ್ರ ಬೇಶರಮ, ನೋಡೂದಿಲ್ಲ ಅಂದ್ರ ಕುರುಡ, ಎರಡರಾಗ ಯಾವುದಾದರೂ ಆಗಲಿ, ಅವನ ಮುಂದ ನನ್ನ ಮೊಮ್ಮಗಳು ಏನ ಕಲೀತಾಳ. ಏಳು ಹಸೀನಾ, ನಡಿ. — ನಾನೇ ತೋಡಿದ ಕುಣಿ. ನಾನೇ ಕೈ ಹಿಡಿದು ಕರೆತಂದು ನಾನೇ ಬಿದ್ದೆ. ಹುಡುಗಿ ಎದ್ದಳು, ಎದ್ದು ನಿಂತಳು, ಇನ್ನೂ ಪೆಟ್ಟಿಗೆಗೆ ಬೆನ್ನೇ, ಮುಖ ಬಾಗಿಲ ಕಡೆ, ಕೆಳತುಟಿ ಹಲ್ಲಿನಡಿ. ಇಲ್ಲ. ಹೋಗಕೂಡದು. ಏನು ಹೇಳಲಿ ಈ ಮುದುಕನಿಗೆ, ಸುಳ್ಳೆಂದರೆ ಸುಳ್ಳಲ್ಲ ಅವರ ಮಾತು, ನಿನ್ನೆ ಮೊನ್ನೆ ನಾನೇ ತುಕಾರಾಮರಿಗೆ ಅಂದದ್ದು, ಇವಂಗ ನಮ್ಮ ಮಕ್ಕಳ ಮಾರಿ ಕಾಣೂದಿಲ್ಲರಿ, ನಾವು ನಡುವ ನಿಂದರಬೇಕು. ನಿಂದರ್ತಿರೇನ ಅಕ್ಕೋರ, ಮೇಲಿನವರ ಹುಕುಮ ಐತಿ, ಪಾಠ ನಡದಾಗ ಯಾರೂ ಮಾತಾಡಬಾರದು, ತಿರುವೋ ಬಟನ್ ಮುಟ್ಟಬಾರದು, ಬಬಲೇಶ್ವರದಿಂದ ತಪಾಸಣಿ ಜೀಪು ಯಾವಾಗರ ಬಂದೀತು, ಅಂದಿದ್ದರು ಅವರು. ಬರಲಿ ಜೀಪು. ಪೆಟ್ಟಿಗೆಯವನು ಸರಳಿನ ಒಂದು ತುದಿಗೆ ದೀಪ ಹಿಡಿದ, ಈಗ ಏನಾಗುತ್ತದೆ ನೋಡೋಣ ಮಕ್ಕಳೇ, ಅಂದ. ಅಂದು ದೀಪ ಹಿಡಿದೇ ನಿಂತ. ನನ್ನ ಕೈ ತಾನಾಗಿ ಹೋಯಿತು, ಬಟನ್ ತಿರುವಿದೆ, ದನಿ ಇಳಿಯಿತು, ಇಳಿದು ಇಳಿದು ಸತ್ತಿತು. ತುಕಾರಾಮರು ಆಚೆ ಕೋಣೆಯಿಂದ, ಏನಾತ ಅಕ್ಕೋರ, ಆವಾಜ ಹೋತೇನ. ಹೌದ್ರಿ, ಹೋತು. ಗಾಜಿನೊಳಗೆ ಟೈ ಕಟ್ಟಿದವನ ಬಾಯಿ ತೆರೆಯುತ್ತದೆ ಮುಚ್ಚುತ್ತದೆ, ಭೂತನಾಳ ಕೆರೆಯ ಮೀನು. ಹಸೀನಾ, ಅಲ್ಲೇ ನಿಂದರು, ತಿರುಗಬ್ಯಾಡ, ಅವ ಕೇಳಿದ್ದು ಕೇಳಿದಿಲ್ಲೋ, ಹೇಳು ಈಗ, ಮೊಳಿ ಏನಾಗತಾವ.

ಹುಡುಗಿ ಮುತ್ಯಾನನ್ನು ನೋಡಿದಳು. ಗೊತ್ತಿರುವುದರಿಂದ, ಗೊತ್ತಿರುವುದರಿಂದ ಬಾ ನನ್ನವ್ವಾ, ನಿಂದೇ ಲಂಗದ ತುಂಡು. ಬೀಳತಾವರಿ, ಅಂದಳು, ಸಣ್ಣಗೆ. ಎಲ್ಲಾ ಒಮ್ಮೆಲೆ? ಇಲ್ಲರಿ ಅಕ್ಕೋರ, ದೀಪದ ಕಡೀದು ಮೊದಲು, ಆಮ್ಯಾಲ ಅದರ ಬಾಜೂಕಿಂದು, ಆ ತುದೀದು ಎಲ್ಲಾದರಕಿಂತ ಹಿಂದ. ಯಾಕ ಬೇ? ಬಿಸಿ ಓಡಿ ಬರೂದಿಲ್ಲರಿ, ನಡಕೋತ ಬರ್ತೈತಿ. ಮುತ್ಯಾನ ಇಕ್ಕಳ ಬೆಂಕ್ಯಾಗಿನ ತುದಿ ಕೆಂಪಾದ್ರೂ ಹಿಡಿಕಿ ಸುಡಾಕ ಹೊತ್ತು ಹಿಡೀತೈತಿ, ಅದಕ್ಕ ಕಬ್ಬಿಣ ಅಷ್ಟ ಉದ್ದ ಐತಿ, ಹೌದಿಲ್ಲೋ ಮುತ್ಯಾ — ಹಾಗೆ ಅವಳು ಕೇಳಿದಾಗಲೇ ಅವಳ ಬೆನ್ನ ಹಿಂದೆ, ಗಾಜಿನೊಳಗೆ, ಸದ್ದಿಲ್ಲದೆ, ದೀಪದ ಕಡೆಯ ಮೊಳೆ ಬಿತ್ತು. ಬಿತ್ತಲೇ, ಅಂತ ಸಣ್ಣವರೆಲ್ಲ ಕಿರುಚಿದರು. ಹಸೀನಾ ತಿರುಗಲಿಲ್ಲ. ಲಾಡಲೇಸಾಬರ ಕೈ ಹುಡುಗಿಯ ರಟ್ಟೆ ಹಿಡಿಯಲು ಚಾಚಿದ್ದು ಅಲ್ಲೇ ನಿಂತಿದೆ, ಕಣ್ಣು ಒಮ್ಮೆ ಗಾಜಿಗೆ, ಒಮ್ಮೆ ಅವಳ ಬಾಯಿಗೆ. ಇಲ್ಲಿ ನೋಡದವಳು ಹೇಳುತ್ತಾಳೆ, ಅಲ್ಲಿ ಕೇಳದವನು ಮಾಡಿ ತೋರಿಸುತ್ತಾನೆ, ನಡುವೆ ನಾನು ನಿಂತಿದ್ದೇನೆ, ನನ್ನ ಜಾಗ ಇದೇ, ಯಾವ ಜೀಪು ಬಂದರೂ. ಈಗ ಬಾಜೂಕಿಂದರಿ, ಅಂದಳು ಹಸೀನಾ. ಲಾಡಲೇಸಾಬರು ಮೆಲ್ಲಗೆ ನೆಲಕ್ಕೆ ಕುಕ್ಕರಗಾಲಲ್ಲಿ ಕೂತರು, ಸಣ್ಣ ಮಕ್ಕಳ ಹಿಂದೆ, ಗಾಜಿನ ಕಡೆ ಮುಖ ಮಾಡಿ. ಮಾಬುಬಿಗೆ ಬ್ಯಾರೆ ಯಾರನ್ನರ ಹುಡುಕಿ ಕೊಡ್ತೀನಿ ತಗೋರಿ ಅಕ್ಕೋರ, ಅಂದರು, ನನ್ನ ಕಡೆ ನೋಡದೆ, ಕೈಯಿಂದ ಸುಮ್ಮನಿರಿ ಅನ್ನುತ್ತ, ನಾನು ಮಾತಾಡಿಯೇ ಇರಲಿಲ್ಲ. ಮತ್ತೆ ಅವಳಿಗೆ, ಆ ತುದೀದು ಯಾವಾಗ ಬೇಟಿ? ತಡೀ ಮುತ್ಯಾ, ಇನ್ನಾ ನಡಕೋತ ಬರಾಕತ್ತೈತಿ. ಸಣ್ಣವರು ಮೊಣಕಾಲ ಮೇಲೆ ಎದ್ದಿದ್ದಾರೆ. ಮೊಳೆಯ ಬುಡದಲ್ಲಿ ಮೇಣ ಹೊಳೆಯುತ್ತಿದೆ, ಬೆವರಿನ ಹಾಗೆ, ಮೊಳೆ ಸ್ವಲ್ಪ ವಾಲಿದೆ — ಬೆನ್ನು, ಬೆನ್ನಿನ ಮೇಲೆ ಜಡೆ, ಜಡೆಯ ಆಚೆ ಮೊಳೆ, ವಾಲಿದ ಮೊಳೆ, ಈಗ, ಅಂದಳು, ಮೊಳೆ —