ಜೀನು ಮುಚ್ಚುವ ಜಾಗ

ಎದುರು ಬಂದವರ ಮುಖಕ್ಕಿಂತ ಮೊದಲು ಜಲಜಮ್ಮ ಅವರ ಚರ್ಮ ನೋಡುತ್ತಿದ್ದರು. ಹೊಸ ಸೊಸೆಯನ್ನು ಯಾರಾದರೂ ಹೆಮ್ಮೆಯಿಂದ ಕರೆತಂದು ನಿಲ್ಲಿಸಿದರೆ, ಹೆಸರು ಕೇಳುವ ವ್ಯವಧಾನವಿಲ್ಲದೆ ಆ ಹುಡುಗಿಯ ಮೊಣಕೈ ಹಿಡಿದು ಬೆಳಕಿಗೆ ತಿರುಗಿಸಿ, ಇದು ಎಣ್ಣೆ ಹಾರಿದ್ದೋ ಹಬೆ ತಾಗಿದ್ದೋ, ಅದರ ಮೇಲೆ ಯಾವ ಪುಣ್ಯಾತ್ಮರು ಟೂತ್‌ಪೇಸ್ಟ್ ಬಳಿದರು ಎಂದು ವಿಚಾರಣೆಗೆ ತೊಡಗುತ್ತಿದ್ದರು. ಭದ್ರಾವತಿಯಲ್ಲಿ ಕಾರ್ಖಾನೆಯ ಕಾರ್ಮಿಕರು ಬರುವ ಆಸ್ಪತ್ರೆಯ ಡ್ರೆಸಿಂಗ್ ರೂಮಿನಲ್ಲಿ ಯೌವನವನ್ನೆಲ್ಲ ಸವೆಸಿದ ನರ್ಸ್ ಅವರು. ಕುಲುಮೆಯ ಕಿಡಿ ಹಾರಿದ ಮೈಗಳನ್ನು ತೊಳೆದು, ಒರೆಸಿ, ಬ್ಯಾಂಡೇಜು ಸುತ್ತಿ, ಮನುಷ್ಯನ ಚರ್ಮವೆಂಬುದು ಅವರಿಗೆ ನಿತ್ಯಪಾರಾಯಣದ ಗ್ರಂಥವಾಗಿ ಹೋಗಿತ್ತು.

ನ್ಯೂ ಟೌನಿನ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಅವರು ಬರುತ್ತಿರುವುದು ಕಾಣುವ ಮೊದಲೇ ಕೇಳಿಸುತ್ತಿತ್ತು. ಹವಾಯಿ ಚಪ್ಪಲಿಯನ್ನು ನೆಲಕ್ಕೆ ಬಡಿಯುತ್ತ, ಎಡಗಾಲನ್ನು ತುಸು ಎಳೆಯುತ್ತ, ರಸ್ತೆಯೊಡನೆಯೇ ಏನೋ ವ್ಯಾಜ್ಯವಿದೆಯೆಂಬಂತೆ ನಡೆಯುತ್ತಿದ್ದರು. ಡ್ಯೂಟಿ ಮುಗಿದರೂ ಬಿಳಿ ಕೋಟು ಮೈಮೇಲಿಂದ ಇಳಿಯುತ್ತಿರಲಿಲ್ಲ. ಅದರ ಜೇಬಿನಲ್ಲಿ ಗಾಜ್ ಬಟ್ಟೆಯ ಸುರುಳಿ ಇಲ್ಲದ ದಿನವನ್ನು ಯಾರೂ ಕಂಡವರಿಲ್ಲ. ಇನ್ನು ಬಾಯಿ! "ಅಲ್ಲ, ನಾನು ಕೇಳ್ತೀನಿ" ಎಂಬ ಪಲ್ಲವಿಯಿಲ್ಲದೆ ಅವರ ಒಂದು ಮಾತೂ ಹೊರಡುತ್ತಿರಲಿಲ್ಲ. ಶಿವಮೊಗ್ಗದ ಬಸ್ಸಿನ ಕಂಡಕ್ಟರ್, ರೇಷನ್ ಅಂಗಡಿಯವನು, ದೊಡ್ಡ ಡಾಕ್ಟರು, ಕಡೆಗೆ ದೇವಸ್ಥಾನದ ಅರ್ಚಕರೂ ಆ ಪಲ್ಲವಿಯನ್ನು ಕೇಳಿದವರೇ. ಉತ್ತರ ಕೊಡುವ ಶ್ರಮ ಯಾರಿಗೂ ಇರಲಿಲ್ಲ, ಅದನ್ನೂ ಅವರೇ ಕೊಟ್ಟುಕೊಳ್ಳುತ್ತಿದ್ದರು.

ಕೋಟಿನ ಎಡತೋಳನ್ನು ಮಾತ್ರ ಮೊಣಕೈ ಮೇಲಕ್ಕೆ ಮಡಚಿಕೊಳ್ಳುತ್ತಿದ್ದರು, ಚಳಿಯಿರಲಿ ಮಳೆಯಿರಲಿ. ಆ ತೋಳಿನಲ್ಲಿ ಹೆಬ್ಬೆರಳಿನಗಲದ ಎರಡು ಬರೆಗಳು. ಮಗುವಾಗಿದ್ದಾಗ ಕಾಮಾಲೆಯಾಯಿತೆಂದು ಯಾರೋ ಬಳೆಯ ಚೂರು ಕಾಯಿಸಿ ಎಳೆದದ್ದು. ಅದು ಕೀವಾಗಿ, ತಿಂಗಳುಗಟ್ಟಲೆ ಮಾಯದೆ, ಮಾಂಸ ಗಂಟುಗಟ್ಟಿ ಉಳಿದುಬಿಟ್ಟಿತ್ತು. "ಅಳಬೇಡ, ರವಿಕೆ ತೋಳು ಮುಚ್ಚುತ್ತೆ, ಯಾರಿಗೂ ಕಾಣಲ್ಲ" ಎಂದು ತಾಯಿ ವೀರಮ್ಮ ಸಮಾಧಾನ ಹೇಳುತ್ತಿದ್ದರಂತೆ. ಮುಂದೆ ಹೆಣ್ಣು ನೋಡಲು ಬಂದ ಗಂಡಿನ ಅತ್ತಿಗೆಯೊಬ್ಬಳು, ಕೈಲಿ ಕೇಸರಿಬಾತಿನ ತಟ್ಟೆ ಹಿಡಿದುಕೊಂಡೇ, ತೋಳು ಸ್ವಲ್ಪ ಮೇಲೆತ್ತು ಎಂದಳು. ಜಲಜಮ್ಮ ಎತ್ತಿ ತೋರಿಸಿ, ಆ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಬಾಗಿಲ ಕಡೆ ಕೈಮಾಡಿದರು. ಅಂದು ಮಡಚಿದ ತೋಳನ್ನು ಅವರು ಮತ್ತೆ ಇಳಿಸಲಿಲ್ಲ.

ಇಂಥವರ ಬದುಕಿಗೆ ಕುದುರೆಮರಿಯೊಂದು ಹೇಗೆ ಬಂತೆಂದರೆ, ಭೀಮೇಶನಿಂದ. ಅವನಪ್ಪ ಭೂತಪ್ಪ ಸ್ಟೇಷನ್ನಿನಿಂದ ನ್ಯೂ ಟೌನಿಗೆ ಜಟಕಾ ಹೊಡೆಯುತ್ತಿದ್ದವನು. ಆಟೋಗಳು ಬಂದು ಜಟಕಾ ಮೂಲೆ ಸೇರಿದ ಮೇಲೆ, ಉಳಿದಿದ್ದ ಬಿಳಿಯ ಹೆಣ್ಣು ಕುದುರೆಗೆ ಜರಿಯ ಹೊದಿಕೆ ಹೊದಿಸಿ ಭೀಮೇಶ್ ಮದುವೆಯ ಮೆರವಣಿಗೆಗೆ ಇಳಿಸಿದ. ಅದಕ್ಕೊಂದು ಮರಿ ಹುಟ್ಟಿತು, ಹಾಲಿನ ಕೆನೆಯಂಥ ಬಿಳುಪು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಆ ಮರಿ ಪಟಾಕಿಯ ಸದ್ದಿಗೆ ಬೆದರಿ ಓಡಿ ಮುಳ್ಳುತಂತಿಯ ಬೇಲಿಗೆ ಸಿಕ್ಕಿಕೊಂಡಿತು. ಮುಂಗಾಲಿನ ಮಂಡಿಯ ಕೆಳಗೆ ಚರ್ಮ ಸೀಳಿ ನೇತಾಡಿತು.

ಜಲಜಮ್ಮ ಡ್ಯೂಟಿ ಮುಗಿಸಿ ಆ ದಾರಿಯಲ್ಲಿ ಬಂದಾಗ, ಭೀಮೇಶನ ಸೋದರಮಾವ ಕೆಂಚಪ್ಪ ಅಡಿಕೆ ಮರಗಳಿಗೆ ಹೊಡೆಯುವ ಮೈಲುತುತ್ತನ್ನು ಪುಡಿಮಾಡಿ ಗಾಯಕ್ಕೆ ತುಂಬಲು ಸಿದ್ಧನಾಗಿದ್ದ. ಮರದ ಕೊಳೆರೋಗಕ್ಕೆ ಆಗುವ ಔಷಧಿ ಮರಿಯ ಕಾಲಿಗೆ ಆಗದೇನು ಎಂಬುದು ಅವನ ತರ್ಕ. ಆಗದಿದ್ದರೆ ಬರೆ ಇದ್ದೇ ಇದೆ ಎಂದು ಕಬ್ಬಿಣದ ಸಲಾಕೆಯನ್ನೂ ತಂದಿಟ್ಟಿದ್ದ. ಆಮೇಲೆ ನಡೆದದ್ದನ್ನು ನಮ್ಮ ಸಾಲಿನವರೆಲ್ಲ ಕಿಟಕಿಯಿಂದಲೇ ಕೇಳಿದೆವು. ಮೈಲುತುತ್ತು ಚರಂಡಿ ಸೇರಿತು, ಸಲಾಕೆ ಜಲಜಮ್ಮನ ಕೈ ಸೇರಿತು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ. ಆ ನರಿಯೇ ವಾಸಿ, ತನ್ನ ಮೈಗೆ ತಾನು ಹಾಕಿಕೊಂಡಿತು, ನೀವು ಬಾಯಿಲ್ಲದವರ ಮೈ ಹುಡುಕ್ತೀರಿ ಎಂದು ಅವರು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಶಿವಮೊಗ್ಗದ ಸವಳಂಗ ರಸ್ತೆಯಿಂದ ಪಶುವೈದ್ಯ ಆನಂದ್ ಸ್ಕೂಟರಿನಲ್ಲಿ ಬಂದರು. ಧನುರ್ವಾಯುವಿಗೆ ಇಂಜೆಕ್ಷನ್ ಕೊಟ್ಟು, ಹೊಲಿಯಲು ಬಂದಷ್ಟನ್ನು ಹೊಲಿದು, ಉಳಿದದ್ದು ತಾನಾಗಿ ಕೂಡಬೇಕೆಂದರು. ಮಂಡಿಯ ಕೆಳಗೆ ಕುದುರೆಗೆ ಮಾಂಸಖಂಡವಿಲ್ಲ, ಚರ್ಮ ಬಿಗಿ. ಗಾಯದ ತಳದಿಂದ ಹೊಸ ಮಾಂಸ ಹುಚ್ಚು ಹಿಡಿದಂತೆ ಮೇಲೆ ಉಕ್ಕಿ ಬರುತ್ತದೆ, ಅದರ ಮೇಲೆ ಚರ್ಮ ಹತ್ತಲಾರದು, ಅದಕ್ಕೆ ದುರ್ಮಾಂಸ ಎನ್ನುತ್ತಾರೆ ಎಂದು ವಿವರಿಸಿದರು. ಮನುಷ್ಯರಿಗೆ ಇಷ್ಟೊಂದು ಉಕ್ಕುವುದನ್ನು ನಾನು ಕಂಡಿಲ್ಲ ಎಂದು ಜಲಜಮ್ಮ ವಾದಕ್ಕೆ ನಿಂತರು.

"ಇದು ಮನುಷ್ಯ ಅಲ್ಲ ಜಲಜಮ್ಮನವರೇ, ಕುದುರೆ" ಎಂದರು ಡಾಕ್ಟರು.

"ಅದಕ್ಕೇ ಡಾಕ್ಟ್ರೇ, ಇಷ್ಟು ನೋವಲ್ಲೂ ಯಾರಿಗೂ ಒದ್ದಿಲ್ಲ."

ಆದರೆ ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಕಲಿತುಕೊಂಡರು. ಮರಿಯನ್ನೂ ತಾಯಿಯನ್ನೂ ತಮ್ಮ ಹಿತ್ತಲ ಶೆಡ್ಡಿಗೆ ತರಿಸಿಕೊಂಡು, ಕುದಿಸಿ ಆರಿಸಿದ ಉಪ್ಪುನೀರಿನಿಂದ ಗಾಯ ತೊಳೆದರು. ಸ್ಪಿರಿಟ್ ಹತ್ತಿರ ಸುಳಿಯಬಾರದು, ಅರಿಶಿನ ಬೂದಿಗಳ ಮಾತೇ ಬೇಡ. ತೆಳ್ಳಗೆ ಮುಲಾಮು, ಅದರ ಮೇಲೆ ಗಾಜ್, ಅದರ ಮೇಲೆ ದಪ್ಪ ಹತ್ತಿ, ಎಲ್ಲವನ್ನೂ ಒತ್ತಿ ಹಿಡಿಯುವ ಬ್ಯಾಂಡೇಜು. ಬಿಗಿಯಾದರೆ ಕಾಲು ಊದುತ್ತದೆ, ಸಡಿಲವಾದರೆ ದುರ್ಮಾಂಸ ಏಳುತ್ತದೆ. ನೊಣ ಕೂರದಂತೆ ಸುತ್ತಲ ಕೂದಲಿಗೆ ಮಾತ್ರ ಬೇವಿನೆಣ್ಣೆ. ಮರಿ ಬ್ಯಾಂಡೇಜನ್ನು ಕಚ್ಚಿ ಎಳೆಯತೊಡಗಿದಾಗ ಬಿದಿರುಕಡ್ಡಿ ಪೋಣಿಸಿ ಕೊರಳಿಗೊಂದು ಪಟ್ಟಿ ಕಟ್ಟಿದರು. ಅದು ಕತ್ತು ಬಗ್ಗಿಸಲಾರದೆ, ಹೊಸದಾಗಿ ಟೈ ಕಟ್ಟಿಕೊಂಡ ಗುಮಾಸ್ತನ ಹಾಗೆ ಬಿಮ್ಮನೆ ನಿಂತಿರುತ್ತಿತ್ತು. ಮಧ್ಯೆ ಮಾಂಸ ಉಕ್ಕಿದಾಗ ಡಾಕ್ಟರು ಬಂದು ಕತ್ತರಿಸಿ ತೆಗೆದರು. ಅದರಲ್ಲಿ ನರವಿಲ್ಲ, ರಕ್ತ ಹರಿದರೂ ನೋವಿಲ್ಲವೆಂದು ಎಷ್ಟು ಹೇಳಿದರೂ, ಮರಿಯ ಕಣ್ಣನ್ನು ಜಲಜಮ್ಮ ಅಂಗೈಯಿಂದ ಮುಚ್ಚಿಯೇ ಇದ್ದರು. ದುರ್ಮಾಂಸವೆಂಬ ಪದ ಅವರಿಗೆ ಎಷ್ಟು ಹಿಡಿಸಿತೆಂದರೆ, ಸರದಿ ಮುರಿದು ನುಗ್ಗುವವರಿಗೆಲ್ಲ ಅದೇ ರೋಗವೆಂದು ಘೋಷಿಸಿದರು. "ಕುದುರೆಗೆ ಅದು ಕಾಲಲ್ಲಿ ಬೆಳೆಯುತ್ತೆ, ಇವಕ್ಕೆ ತಲೇಲಿ" ಎನ್ನುತ್ತಿದ್ದರು.

ಭೀಮೇಶ್ ದಿನವೂ ಬಂದು ಶೆಡ್ಡಿನ ಹೊರಗೆ ನಿಲ್ಲುತ್ತಿದ್ದ. ಅವನ ಚಿಂತೆ ಒಂದೇ. ಕಾಲು ವಾಸಿಯಾಗಿ ಗುರುತು ಉಳಿದರೆ ಏನು ಗತಿ? ಕಲೆ ಬಿದ್ದ ಕುದುರೆಯನ್ನು ಮಂಗಳಕಾರ್ಯಕ್ಕೆ ಯಾರೂ ಒಪ್ಪುವುದಿಲ್ಲ. ಮದುವೆಗೆ ಬಾರದ ಕುದುರೆಯನ್ನು ಸಾಕಲಾಗದೆ ಬೀದಿಗೆ ಬಿಡುತ್ತಾರೆ. ಹಾಗೆ ಬಿಟ್ಟವು ಬಸ್‌ಸ್ಟ್ಯಾಂಡಿನ ಬಳಿ ಪ್ಲಾಸ್ಟಿಕ್ ಜಗಿಯುತ್ತ ನಿಲ್ಲುವುದನ್ನು ಜಲಜಮ್ಮನೂ ಕಂಡಿದ್ದರು. "ಅಲ್ಲ, ನಾನು ಕೇಳ್ತೀನಿ, ಮೇಲೆ ಕೂರೋ ಗಂಡಿನ ಮೈಲಿ ಕಲೆ ಇದೆಯಾ ಅಂತ ಯಾರಾದ್ರೂ ನೋಡ್ತಾರಾ?" ಎಂದು ಹಾಯ್ದರು. ಆದರೂ ಅಂದಿನಿಂದ ಅವರ ಬೆರಳು ಇನ್ನಷ್ಟು ಮೃದುವಾಯಿತು, ಹಠ ಇನ್ನಷ್ಟು ಗಟ್ಟಿಯಾಯಿತು. ಮರಿಯ ಹಣೆಬರಹ ಆ ಅಂಗೈಯಗಲದ ಚರ್ಮದಲ್ಲಿತ್ತು.

ಮಳೆಗಾಲ ಕಳೆಯಿತು. ಗಾಯದ ಅಂಚಿನಿಂದ ಗುಲಾಬಿ ಚರ್ಮ ಒಳಕ್ಕೆ ಹತ್ತಿತು, ಅದರ ಮೇಲೆ ರೋಮ ಹುಟ್ಟಿತು. ದಸರಾದ ಹೊತ್ತಿಗೆ ರೋಮ ಸರಿಸಿ ನೋಡಿದರಷ್ಟೇ ಕಾಣುವ ಒಂದು ಗೆರೆ ಉಳಿದಿತ್ತು. ಆನಂದ್ ಡಾಕ್ಟರು ಕಾಲನ್ನು ಸವರಿ ಜಲಜಮ್ಮನಿಗೆ ಕೈಮುಗಿದರು. ಬೈಗುಳಕ್ಕೆ ಹೊರತಾಗಿ ಬಾಯಿ ತೆರೆಯದ ಆ ಹೆಂಗಸು ಅಂದು ನಕ್ಕಿದ್ದನ್ನು ಕಂಡವರಲ್ಲಿ ನಾನೂ ಒಬ್ಬ.

ಭೀಮೇಶ್ ಕಣ್ಣೊರೆಸಿಕೊಳ್ಳುತ್ತ ಮರಿಯನ್ನು ಮನೆಗೆ ಕರೆದೊಯ್ದ. ವಾರ ಕಳೆಯುವಷ್ಟರಲ್ಲಿ ಅವನ ಹೆಂಡತಿ ರಂಜಿನಿ ಬಂದು, ಮರಿಗೆ ಪೂಜೆ ಇಟ್ಟುಕೊಂಡಿದ್ದೇವೆ, ಸಿಸ್ಟರ್ ಬರಲೇಬೇಕು ಎಂದು ಕುಂಕುಮವಿಟ್ಟು ಕರೆದಳು. ಜಲಜಮ್ಮ ಇಸ್ತ್ರಿ ಮಾಡಿದ ಕೋಟು ತೊಟ್ಟು, ಬೆಲ್ಲದ ಉಂಡೆ ಕಟ್ಟಿಕೊಂಡು ಹೊರಟರು.

ಅಂಗಳದ ಗೇಟಿನಲ್ಲೇ ಅವರ ಕಾಲು ನಿಂತಿತು. ಊದುಬತ್ತಿಯ ಹೊಗೆಯ ನಡುವೆಯೂ ಸುಟ್ಟ ಚರ್ಮದ ವಾಸನೆ ಅವರಿಗೆ ತಪ್ಪುವುದುಂಟೇ? ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ಮರಿ ಮೂಲೆಗೊತ್ತಿ ನಡುಗುತ್ತಿತ್ತು. ಅದರ ಬೆನ್ನ ಮೇಲೆ, ಬಿಳಿಯ ರೋಮದ ನಡುವೆ, ಕತ್ತರಿಯಾಕಾರದ ಹಸಿ ಬರೆ. ಕೆಂಚಪ್ಪನ ಕೈಯ ಸಲಾಕೆ ಇನ್ನೂ ಆರಿರಲಿಲ್ಲ.

ಭೀಮೇಶ್ ಸಂಭ್ರಮದಲ್ಲೇ ಎದುರು ಬಂದ. "ಒಂದು ಗುರುತೂ ಇಲ್ದೆ ವಾಸಿ ಮಾಡ್ಬಿಟ್ರಲ್ಲ ಸಿಸ್ಟರ್, ಊರ ಕಣ್ಣೆಲ್ಲ ಇದರ ಮೇಲೇ. ದೃಷ್ಟಿ ಆಗ್ಬಾರ್ದು ಅಂತ ಒಂದು ಹಾಕ್ಸಿದ್ವಿ. ಬೆನ್ನಿಗೆ ಕಟ್ಟೋ ಜೀನು ಮುಚ್ಚುತ್ತೆ, ಯಾರಿಗೂ ಕಾಣಲ್ಲ."

"ಅಲ್ಲ, ನಾನು ಕೇಳ್ತೀನಿ" ಎಂದರು ಜಲಜಮ್ಮ. ಜನ್ಮದಲ್ಲಿ ಮೊದಲ ಸಲ ಆ ವಾಕ್ಯ ಅಲ್ಲೇ ನಿಂತಿತು.

ಬೆಲ್ಲದ ಉಂಡೆಯನ್ನು ಕಟ್ಟೆಯ ಮೇಲಿಟ್ಟು, ಹಂಡೆಯಿಂದ ತಣ್ಣೀರು ಮೊಗೆದು ಬರೆಯ ಮೇಲೆ ಸಣ್ಣಗೆ ಸುರಿಯತೊಡಗಿದರು. ಸುರಿದರು, ಸುರಿಯುತ್ತಲೇ ಇದ್ದರು. ಪೂಜೆಗೆ ಬಂದವರು ಒಬ್ಬೊಬ್ಬರಾಗಿ ಜಾರಿಕೊಂಡರು. ರಂಜಿನಿ ಮಾತ್ರ ಬಾವಿಯಿಂದ ಕೊಡ ಕೊಡ ಸೇದಿ ತಂದು ಕೊಡುತ್ತಿದ್ದಳು. ಕಡೆಗೆ ಜಲಜಮ್ಮ ತಿರುಗದೆಯೇ ಹೇಳಿದರು, ಕೂಗದೆ, ಅವರಿಗೇ ಸಲ್ಲದ ತಗ್ಗಿದ ದನಿಯಲ್ಲಿ:

"ಯಾರಿಗೆ ಕಾಣುತ್ತೆ ಅಂತ ಯೋಚ್ನೆ ಮಾಡಿದ್ರಿ ಭೀಮೇಶ. ಯಾರಿಗೆ ಉರಿಯುತ್ತೆ ಅಂತ ಒಬ್ರೂ ಕೇಳ್ಲಿಲ್ಲ."

ಮತ್ತೆ ಹಿತ್ತಲ ಶೆಡ್ಡು, ಮತ್ತೆ ಉಪ್ಪುನೀರು, ಮತ್ತೆ ಗಾಜ್. ಆ ಬರೆ ಮಾಯಿತು, ಅದರ ಮೇಲೆ ರೋಮ ಮಾತ್ರ ಹುಟ್ಟಲಿಲ್ಲ. ಜೀನು ಉಜ್ಜಿದರೆ ಮತ್ತೆ ಹುಣ್ಣೇಳುತ್ತದೆಂದು ಡಾಕ್ಟರು ಖಂಡಿತವಾಗಿ ಹೇಳಿದರು. ಹೀಗಾಗಿ ದೃಷ್ಟಿ ತಾಗದಂತೆ ಕಾಪಾಡಿದ ಕುದುರೆ ಒಂದೇ ಒಂದು ಮದುವೆಗೂ ಹೋಗಲಿಲ್ಲ. ಅದನ್ನು ಬೀದಿಗೆ ಬಿಡುವ ಧೈರ್ಯ ಭೀಮೇಶನಿಗೆ ಇರಲಿಲ್ಲ, ಬಿಡಗೊಡುವವರೂ ಅಲ್ಲ ಜಲಜಮ್ಮ. ನಿವೃತ್ತಿಯ ಮೇಲೆ ಸಂಜೆ ಹೊತ್ತು ಅವರೇ ಅದನ್ನು ನ್ಯೂ ಟೌನಿನ ರಸ್ತೆಗಳಲ್ಲಿ ನಡೆಸುತ್ತಿದ್ದರು. ನಾಚಿಕೆಯಿಂದಲೋ ಏನೋ, ಒಮ್ಮೆ ಭೀಮೇಶ್ ಬೆನ್ನಿಗೆ ಜರಿಯ ವಸ್ತ್ರ ಹೊದಿಸಲು ಬಂದ. ಅದನ್ನು ಕಿತ್ತು ಅವನ ಹೆಗಲಿಗೇ ಹಾಕಿದರು. "ಗಾಯ ಮುಚ್ಚಬೇಕು ಮಾರಾಯ, ಬರೆ ಮುಚ್ಚಬಾರದು. ಕಾಣ್ಲಿ ಎಲ್ರಿಗೂ."

ಇಂಥವರನ್ನು ನಾವು ಜಗಳಗಂಟಿಯರೆಂದು ಕರೆಯುತ್ತೇವೆ. ಅವರ ಚಪ್ಪಲಿಯ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತೇವೆ, ಮೈ ಸುಟ್ಟಾಗ ಮಾತ್ರ ಅವರ ಬಾಗಿಲು ಬಡಿಯುತ್ತೇವೆ. ನೋಯಿಸುವುದನ್ನೇ ಪ್ರೀತಿಯೆಂದು, ಮುಚ್ಚಿಡುವುದನ್ನೇ ಮರ್ಯಾದೆಯೆಂದು ತಿಳಿದ ಊರುಗಳಲ್ಲಿ ಇವರ ಸಿಟ್ಟು ಯಾರಿಗೆ ಬೇಕು? ಆದರೂ ಸಂಜೆಯ ಬಿಸಿಲಿನಲ್ಲಿ, ತೋಳು ಮಡಚಿದ ಆ ಹೆಂಗಸೂ ಬರಿಬೆನ್ನಿನ ಆ ಬಿಳಿ ಕುದುರೆಯೂ ಜೊತೆಜೊತೆಯಾಗಿ ನಡೆದು ಬರುವಾಗ, ತಲೆ ತಗ್ಗಿಸಿದ್ದು ಅವರಿಬ್ಬರಲ್ಲ, ಕಿಟಕಿಯ ಹಿಂದೆ ನಿಂತ ನಾವು.