ಜಿಪುಣಕ್ಕನ ಬೋಳು ಎಡಿಟರ್

ಜೇಬಿದ್ದರೆ ಕಸ ಸೇರುತ್ತದೆಂದು ಸ್ವೆಟರಿನ ಎರಡೂ ಜೇಬುಗಳನ್ನು ಹೊಲಿದು ಮುಚ್ಚಿಕೊಂಡಿದ್ದ ಆ ಹಿರಿಯ ವೆಬ್ ಡೆವಲಪರನ್ನು ಕಚೇರಿಯವರೆಲ್ಲ ಜಿಪುಣಕ್ಕ ಎಂದು ಕರೆಯುತ್ತಿದ್ದುದು, ನಿಜ ಹೇಳಬೇಕೆಂದರೆ, ಸ್ವೆಟರಿನ ದೆಸೆಯಿಂದಲ್ಲ, ಕೋಡ್ ಬರೆಯುವ ಎಡಿಟರಿನ ದೆಸೆಯಿಂದ. ಉಳಿದವರ ಪರದೆಗಳು ಬಣ್ಣಬಣ್ಣದ ಅಕ್ಷರಗಳಿಂದ ಮದುವೆಮನೆಯಂತೆ ಮಿನುಗುತ್ತಿದ್ದರೆ, ಆಕೆಯದು ಬಿಳಿಯ ಮೇಲೆ ಕಪ್ಪು. ಎಕ್ಸ್‌ಟೆನ್ಷನ್ ಎಂಬ ಹೆಚ್ಚುವರಿ ಸಲಕರಣೆ ಹೆಸರಿಗೂ ಒಂದಿಲ್ಲ. ಯಾರಾದರೂ ಹೊಸದೊಂದನ್ನು ಹೊಗಳಿದರೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಅದಿಲ್ದೆ ನಿನ್ನೆ ಊಟ ಸೇರ್ಲಿಲ್ವಾ?" ಎಂದು ಕೇಳುವುದು ಆಕೆಯ ವಾಡಿಕೆ.

ಇಂಥವರ ಪಕ್ಕದ ಕುರ್ಚಿಗೇ ಬಂದು ಕೂರಬೇಕೇ ಹೊಸಬಳು! ಮಕ್ಕಳನ್ನು ಬೆಳೆಸಲು ಕೆಲಸ ಬಿಟ್ಟು, ವರ್ಷಗಳ ಬಳಿಕ ಮರಳಿದವಳು. ಪರೀಕ್ಷಾವಧಿ ಮುಗಿಯುವವರೆಗೆ ನೌಕರಿ ಖಾಯಂ ಅಲ್ಲ. ಮೇಲಾಗಿ ಅವಳ ಕಣ್ಣು ಸಾಲಿನಿಂದ ಸಾಲಿಗೆ ಜಾರುತ್ತಿತ್ತು. ಕೋಡಿನಲ್ಲಿ ಯಾವ ಆವರಣ ಚಿಹ್ನೆ ಎಲ್ಲಿ ತೆರೆದು ಎಲ್ಲಿ ಮುಚ್ಚಿತೆಂಬುದೇ ತಿಳಿಯುತ್ತಿರಲಿಲ್ಲ. ಬಾಯಿಬಿಟ್ಟರೆ ಮನೆಗೆ ಕಳಿಸಿಯಾರೆಂಬ ಅಂಜಿಕೆಯಿಂದ ಕಂಡಕಂಡ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ತುಂಬಿಕೊಂಡಳು. ಅವುಗಳಲ್ಲಿ ಕೋಡನ್ನು ಓರಣಗೊಳಿಸುವ ಫಾರ್ಮ್ಯಾಟರ್‌ಗಳೇ ಎರಡು. ಒಂದೇ ಒರೆಯಲ್ಲಿ ಎರಡು ಕತ್ತಿ! ಅವಳು ಕಡತವನ್ನು ಉಳಿಸಿದಾಗಲೆಲ್ಲ ಒಂದು ಜೋಡಿಸಿದ್ದನ್ನು ಇನ್ನೊಂದು ಕದಲಿಸಿ, ಇಡೀ ಕಡತವೇ ಬದಲಾದಂತೆ ಕಾಣತೊಡಗಿತು. ಆ ಗದ್ದಲದಲ್ಲಿ ಅವಳು ಅರಿಯದೆ ಅಳಿಸಿದ್ದ ಒಂದು ಸಾಲು ಯಾರ ಕಣ್ಣಿಗೂ ಬೀಳದೆ, ಆಸ್ಪತ್ರೆಯೊಂದರ ಜಾಲತಾಣದಲ್ಲಿ ವೈದ್ಯರ ಭೇಟಿ ಕಾದಿರಿಸುವ ಗುಂಡಿ ಮಧ್ಯಾಹ್ನದವರೆಗೆ ಕೆಲಸ ಮಾಡಲೇ ಇಲ್ಲ.

ಮ್ಯಾನೇಜರ್ ಬಂದು ಅವಳ ಎದುರು ನಿಂತರು. ಜಿಪುಣಕ್ಕ ಕುರ್ಚಿ ತಿರುಗಿಸಿ, "ಯಾವ ಫಾರ್ಮ್ಯಾಟರ್ ಹಾಕ್ಕೋಬೇಕು ಅಂತ ನಾವು ಯಾರಿಗೂ ಹೇಳೇ ಇರ್ಲಿಲ್ಲ. ಈ ಬದಲಾವಣೆ ನೋಡಿ ಒಪ್ಪಿಗೆ ಕೊಟ್ಟವಳೂ ನಾನೇ. ಬೈಯೋದಿದ್ರೆ ನನ್ನಿಂದ ಶುರು ಮಾಡಿ," ಎಂದರು.

ಆಮೇಲೆ ಹೊಸಬಳ ಎಡಿಟರಿನಿಂದ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಕಿತ್ತುಹಾಕತೊಡಗಿದರು. ಎಲ್ಲವೂ ಹೋಯಿತೆಂದುಕೊಂಡಳು ಅವಳು. ಆದರೆ ಆವರಣದ ಜೋಡಿಗಳಿಗೆ ಬಣ್ಣ ಹಚ್ಚುವ ಒಂದನ್ನು ಮಾತ್ರ ಜಿಪುಣಕ್ಕ ಮುಟ್ಟಲಿಲ್ಲ. ಬದಲಿಗೆ ಅಕ್ಷರಗಳನ್ನು ಹಿಗ್ಗಿಸಿ, ಓದುತ್ತಿರುವ ಸಾಲು ಬೆಳಗುವಂತೆ ಮಾಡಿದರು.

"ಅಕ್ಕ, ನನ್ನ ಕಣ್ಣು ಸಾಲು ತಪ್ಪೋದು ನಿಮಗೆ ಹೇಗೆ ಗೊತ್ತಾಯ್ತು?"

"ಪರದೆ ತುಂಬ ನಿನ್ನ ಬೆರಳಿನ ಗುರುತೇ ಇದೆಯಲ್ಲಮ್ಮ. ಬೆರಳಿಟ್ಟು ಓದ್ತೀಯ. ನಂಗೆ ಬೇಡ ಅಂದ್ರೆ ನಿಂಗೂ ಬೇಡ ಅಂತೇನಿಲ್ವಲ್ಲ."

ಹೊಸಬಳು ಅತ್ತೇಬಿಟ್ಟಳು. "ಕೀಬೋರ್ಡ್ ಮೇಲಲ್ಲ," ಎಂದು ಜಿಪುಣಕ್ಕ ಅದನ್ನು ಪಕ್ಕಕ್ಕೆ ಸರಿಸಿದರು.

ಮರುದಿನದಿಂದ ಇಡೀ ತಂಡಕ್ಕೆ ಒಂದೇ ಫಾರ್ಮ್ಯಾಟರ್ ಎಂದು ನಿಶ್ಚಯವಾಯಿತು. ಎಲ್ಲರಿಗಿಂತ ಮೊದಲು ಅದನ್ನು ಹಾಕಿಕೊಂಡವರು, ನಂಬಿದರೆ ನಂಬಿ, ಜಿಪುಣಕ್ಕ. ಹೊಸಬಳ ನೌಕರಿ ಖಾಯಮಾಗಿ ಎಷ್ಟೋ ಕಾಲವಾಯಿತು. ಇಂದಿಗೂ ಎಡಿಟರ್ ತೆರೆದು ಆ ಬಣ್ಣದ ಆವರಣಗಳನ್ನು ಕಂಡಾಗ ಮನಸ್ಸಿನಲ್ಲೇ ಕೈಮುಗಿಯುತ್ತಾಳೆ. ತಮಗೇನೂ ಬೇಡವೆನ್ನುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅವರಲ್ಲಿ ಬಹುಪಾಲು ಮಂದಿ ಇತರರಿಗೂ ಏನೂ ಬೇಡವೆಂದೇ ತೀರ್ಮಾನಿಸಿರುತ್ತಾರೆ. ತನಗೆ ಕಸವೆನಿಸಿದ್ದು ಇನ್ನೊಬ್ಬರಿಗೆ ಕಣ್ಣಾದೀತೆಂದು ಅರಿತು ಉಳಿಸಿಕೊಡುವ ಜಿಪುಣರು ಅಪರೂಪ. ಅಂಥವರ ಪಕ್ಕದ ಕುರ್ಚಿ ಸಿಗುವುದಕ್ಕೂ ಪುಣ್ಯ ಬೇಕು.